ಗೊರಗೊರ

ಅರಸೀಕೆರೆಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ.
ಸುಟ್ಟ ಪಂಪುಗಳ ಹೊಟ್ಟೆ ಬಗೆದು
ಕರಕಲು ತಂತಿ ತೆಗೆದು ಹೊಸದು ಸುತ್ತುವುದು ಹಗಲಿನ ಕೆಲಸ.
ಸುತ್ತಿ ಮಿಕ್ಕ ತಾಮ್ರ ಮಾಳಿಗೆ ಹತ್ತುತ್ತದೆ:
ನೀರಿನ ಟ್ಯಾಂಕಿನಿಂದ ಹಿತ್ತಲ ತೆಂಗಿನ ಮರಕ್ಕೆ,
ಮೂವತ್ತಮೂರಡಿ ಅತ್ತ, ಮೂವತ್ತಮೂರಡಿ ಇತ್ತ,
ನಡುವಿನಿಂದ ಇಳಿದು ಬರುವ ಕರೀ ಕೇಬಲ್ಲು.
ಸರ್ವಮಂಗಳ ಅದಕ್ಕಿಟ್ಟ ಹೆಸರು
"ಬಟ್ಟೆ ಹರವೋಕೆ ಬಾರದ ಹಗ್ಗ."

ಬೆಳಗಿನ ಆರೂವರೆಗೆ ನಲವತ್ತು ಮೀಟರಿನಲ್ಲಿ ಹಾಜರಿ.
ಕೊಲ್ಹಾಪುರದ ಹಲ್ಲಿನ ಡಾಕ್ಟರು, ಪಾಲಕ್ಕಾಡಿನ ನಿವೃತ್ತ ಗಾರ್ಡು,
ಮುಖ ನೋಡಿಲ್ಲ, ಕೆಮ್ಮು ಗೊತ್ತು.
ಮಾತಾಡುವುದೇನು? ಇಲ್ಲಿ ಮೋಡ, ಅಲ್ಲಿ ಬಿಸಿಲು,
ನೀವು ಐದು-ಒಂಬತ್ತು, ನಾನೆಷ್ಟು?
ಆಕಾಶಕ್ಕೆ ಬಡಿದು ಮರಳುವ ಅಲೆ
ಹೊತ್ತು ತರುವುದು ಇಷ್ಟನ್ನೇ.

ಏಳಕ್ಕೆ ಸರಿಯಾಗಿ ಗೊರಗೊರ.
ಪಕ್ಕದ ಮನೆಯ ಜಬೀನಾ ಆಪಾ ಹೊಲಿಗೆಗೆ ಕೂತರು.
ಅವರ ಮಷೀನಿನ ಬ್ರಷ್ಷು ಸವೆದು ಕಿಡಿ ಹಾರಿ
ಪಾಲಕ್ಕಾಡಿನ ಮೇಲೆ ಹೊಲಿಗೆ ಬೀಳುತ್ತದೆ.
ಉದ್ದಕ್ಕೆ ಎಳೆದರೆ ಲಂಗದ ಅಂಚು,
ತುಂಡು ತುಂಡಾದರೆ ರವಿಕೆಯ ತೋಳು,
ನಿಂತು ನಿಂತು ಬಂದರೆ ಗಿರಾಕಿ ಎದುರಿಗೇ ಕೂತು
ಬೇಗ ಕೊಡಿ ಅನ್ನುತ್ತಿದ್ದಾರೆ.
ರಂಜಾನಿಗೂ ಗೌರಿ ಹಬ್ಬಕ್ಕೂ ಹದಿನೈದು ದಿನ ಮೊದಲಿಂದ
ರಾತ್ರಿ ಹನ್ನೊಂದಾದರೂ ನನಗೆ ಯಾವ ದೇಶವೂ ಸಿಗುವುದಿಲ್ಲ.

ಎರಡು ರೂಪಾಯಿ ಕೆಪಾಸಿಟರು ಸಾಕು ಇದಕ್ಕೆ.
ನನ್ನ ಕಸುಬೇ ಅದು, ಡಬ್ಬಿ ತುಂಬ ಇವೆ.
ನಾಳೆ ಹಾಕಿಕೊಡುತ್ತೇನೆ ಅಂತ ಆರು ವರ್ಷ.

ಕರೆಂಟು ಹೋದಾಗ ಬೀದಿಯೆಲ್ಲ ಬೈಯುತ್ತದೆ,
ನಾನು ಬ್ಯಾಟರಿ ಸಿಕ್ಕಿಸಿ ಕೂರುತ್ತೇನೆ.
ಮಿಕ್ಸಿ, ಚೋಕು, ಚಾರ್ಜರು, ಆಪಾ
ಎಲ್ಲ ಒಮ್ಮೆಗೇ ಬಾಯಿ ಮುಚ್ಚಿ
ಅಡಿಯಲ್ಲಿದ್ದ ಊರುಗಳು ಮೇಲೇಳುತ್ತವೆ,
ಗೊರೂರಿನ ಹಿನ್ನೀರು ಇಳಿದಾಗ
ಶೆಟ್ಟಿಹಳ್ಳಿ ಇಗರ್ಜಿಯ ಗೋಡೆ ಎದ್ದ ಹಾಗೆ.

ದಸರಾ ರಜೆಗೆ ಕೆಮ್ಮಣ್ಣುಗುಂಡಿ.
ಮಗಳು ತುಂಗಾ ಬರಲಿಲ್ಲ, ಡಿಪ್ಲೊಮಾ ಪ್ರಾಜೆಕ್ಟು ಅಂದಳು.
ಕಡೂರಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ನಕ್ಕ:
"ಬೆಟ್ಟದ ಮೇಲೆ ಮೀನು ಹಿಡಿಯೋಕಾ ಸಾರ್?"
ಗಾಳದ ಕೋಲೇ ನನ್ನ ಕಂಬ, ಮಡಿಸಿದರೆ ಛತ್ರಿಯಷ್ಟು.
ಗೆಸ್ಟ್ ಹೌಸಿನ ತಿಮ್ಮಬೋವಿ ಮರುಕಪಟ್ಟ,
"ಇಲ್ಲಿ ಯಾವ ಸಿಗ್ನಲ್ಲೂ ಸಿಗಲ್ಲ ಸಾಮಿ."

ಇಳಿಹೊತ್ತು. ಗುಲಾಬಿ ತೋಟದ ಮೇಲಿನ ಕೆಂಪು ದಿಬ್ಬ.
ಐದು ವ್ಯಾಟು,
ದೇವರ ಮನೆಯ ಜೀರೋ ಬಲ್ಬಿಗಿಂತ ಕಡಿಮೆ.
ಹೆಡ್‌ಫೋನು ಹಾಕಿದರೆ ಏನೂ ಇಲ್ಲ.
ಸೆಟ್ಟು ಕೆಟ್ಟಿತೆಂದು ಎರಡು ಸಲ ಕುಟ್ಟಿದೆ.
ಆಮೇಲೆ ಹೊಳೆಯಿತು, ಇಲ್ಲದಿರುವುದು ಗದ್ದಲ.
ಮೆಲ್ಲಗೆ ತಿರುವಿದೆ. ಯಾರೋ ಮೋರ್ಸಿನಲ್ಲಿ, ಬಲು ಸಣ್ಣಗೆ,
ತೊಳೆದ ಲೋಟಕ್ಕೆ ಉಗುರು ತಾಗಿಸಿದಂತೆ,
ಜಪಾನಿನ ಉತ್ತರದ ದ್ವೀಪದಿಂದ.
ಕೀ ಒತ್ತಿದೆ. ನನ್ನ ಗುರುತನ್ನು ಒಪ್ಪಿಸಿದರು,
ಒಂದಕ್ಷರ ತಪ್ಪು. ತಿದ್ದಿದೆ.
ಎಪ್ಪತ್ತಮೂರು ಎಂದು ಮರೆಯಾದರು.
ಸರ್ವಮಂಗಳ ರೊಟ್ಟಿಗೆ ಚಟ್ನಿಪುಡಿ ಹಾಕಿ ಕೊಟ್ಟಳು.
"ಏನಂತೆ?"
"ಅಲ್ಲಿ ಚಳಿಯಂತೆ."
"ಇಲ್ಲೂ ಅಂತ ಹೇಳಬಾರದಿತ್ತೇ?"

ಮೂರು ದಿನ ಹೀಗೇ, ಹೊಸ ಪಾಟಿಯಂಥ ಕಿವಿ.
ಮೂರನೆಯ ಬೆಳಗು ಏಳು ಗಂಟೆಗೆ
ಕೈ ಡಯಲಿನ ಮೇಲೆ ನಿಂತೇ ಇತ್ತು.
ಯಾವುದಕ್ಕೆ ಕಾಯುತ್ತಿದ್ದೆನೋ.

ಮನೆಗೆ ಬಂದ ಮರುದಿನ ಏಳಾಯಿತು, ಏಳೂಕಾಲಾಯಿತು.
ಪಾಲಕ್ಕಾಡಿನವರ ಟೀ ಲೋಟ ಕೆಳಗಿಟ್ಟ ಸದ್ದೂ ಕೇಳುತ್ತಿದೆ.
ಗೊರಗೊರ ಇಲ್ಲ.
ಎದೆ ಒಂದು ಹೊಲಿಗೆ ಬಿಟ್ಟಿತು.
ಹಾಜರಿಯ ನಡುವೆಯೇ ಮೈಕು ಇಟ್ಟು ಕಿಟಕಿಗೆ ಓಡಿದೆ:
ಕಾಂಪೌಂಡಿನಾಚೆ ಆಪಾ, ಕನ್ನಡಕ ಮೂಗಿನ ತುದಿಯಲ್ಲಿ,
ಸೂಜಿಯ ಕೆಳಗೆ ಹಸಿರು ಬಟ್ಟೆ ಓಡುತ್ತಿದೆ.
ಹಿಂದಿನಿಂದ ತುಂಗಾ:
"ನಿನ್ನ ಡಬ್ಬಿಯಿಂದಲೇ ಕೆಪಾಸಿಟರ್ ಹಾಕಿದೆ ಅಪ್ಪ,
ಬ್ರಷ್ಷೂ ಬದಲಿಸಿದೆ. ಹೇಗಿದೆ?"

ಐದು-ಒಂಬತ್ತು, ಎಂದೆ.

ಈಗ ಮೇಜನ್ನು ಕಿಟಕಿಯ ಬಳಿಗೆ ಎಳೆದುಕೊಂಡಿದ್ದೇನೆ.
ಕೇಬಲ್ಲು ಒಂದು ಮೊಳ ಸಾಲಲಿಲ್ಲ. ಜೋಡಿಸಿದೆ.